ನಿಂಬೆವ್ವನ ಪಾಲಿನ ಗೋಡೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮ ಎಂದರೆ ಎರಡು ಕೋಣೆ, ಒಂದು ಬೇವಿನ ಮರ, ಸುತ್ತಲೂ ಉದ್ದನೆಯ ಮಣ್ಣಿನ ಗೋಡೆ.

ಅಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಸುತ್ತಲಿನ ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಹಿಡಿದುಕೊಂಡ ಸೊಂಟ, ಬಗ್ಗದ ಮೊಣಕಾಲು, ಏಳದ ತೋಳು ಇದ್ದವರೆಲ್ಲ ಅವರಲ್ಲಿಗೆ ಬರುತ್ತಿದ್ದರು. ಅಜ್ಜಾರು ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು.

ಬಂದವರನ್ನು ಅವರು ಎಲ್ಲಿ ನೋವು ಎಂದು ಮೊದಲು ಕೇಳುತ್ತಿರಲಿಲ್ಲ. ಆರಾಮಾದ ಮೇಲೆ ಏನು ಮಾಡಬೇಕು ಅಂತ ಇದ್ದೀರಿ ಎಂದು ಕೇಳುತ್ತಿದ್ದರು.

ಒಬ್ಬ, ಎತ್ತಿನ ಹೆಗಲಿಗೆ ನೊಗ ಏರಿಸಬೇಕು ಎನ್ನುತ್ತಿದ್ದ. ಇನ್ನೊಬ್ಬಳು, ಮೊಮ್ಮಗಳನ್ನು ಎತ್ತಿಕೊಳ್ಳಬೇಕು ಎನ್ನುತ್ತಿದ್ದಳು. ನೋವು ಹೋದರೆ ಸಾಕು ಎಂದವರನ್ನು ಅಜ್ಜಾರು ಬೇವಿನ ಕೆಳಗೆ ಕೂರಿಸುತ್ತಿದ್ದರು. ಒಮ್ಮೆ ಕಿರಾಣಿ ಅಂಗಡಿಯವನೊಬ್ಬ ಮಧ್ಯಾಹ್ನದವರೆಗೆ ಅಲ್ಲಿ ಕುಳಿತು, ಕೊನೆಗೆ ಎದ್ದು ಬಂದು, ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣಬೇಕು ಎಂದ. ಆಮೇಲೆಯೇ ಅವನ ಮೊಣಕಾಲಿಗೆ ಎಣ್ಣೆ ಬಿತ್ತು.

ಎಣ್ಣೆಗೆ ಅಜ್ಜಾರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಒಂದು ಪದ್ಧತಿ ಇತ್ತು. ಬಂದವರೆಲ್ಲ ಗೋಡೆಯ ಕೆಲಸ ಮಾಡಬೇಕು.

ಕಾಲು ಹಿಡಿದವರು ಕೆಮ್ಮಣ್ಣು ತುಳಿಯಬೇಕು. ಸೊಂಟ ಹಿಡಿದವರು ಬಗ್ಗಿ ಆ ಮಣ್ಣನ್ನು ಬುಟ್ಟಿಗೆ ತುಂಬಬೇಕು. ತೋಳು ಹಿಡಿದವರು ಅದೇ ತೋಳಿನಿಂದ ಗೋಡೆಗೆ ಮಣ್ಣು ಸಾರಿಸಬೇಕು. ಒಬ್ಬೊಬ್ಬರ ಪಾಲಿಗೆ ಒಂದು ಮಾರು ಗೋಡೆ. ಕೈ ಎಷ್ಟು ಎತ್ತರ ಹೋಗುತ್ತದೋ ಅಷ್ಟು ಎತ್ತರ.

ಅಜ್ಜಾರು ಎಣ್ಣೆ ಕೊಟ್ಟು ಗೋಡೆ ಸಾರಿಸಿಕೊಳ್ಳುತ್ತಾರೆ ಎಂದು ಊರವರು ನಗೆಯಾಡುತ್ತಿದ್ದರು. ಮಳೆಗಾಲದಲ್ಲಿ ಆ ಮಣ್ಣೆಲ್ಲ ತೊಳೆದು ಹೋಗುತ್ತಿತ್ತು. ಮಳೆ ನಿಂತ ಮೇಲೆ ಮತ್ತೆ ಯಾರಾದರೂ ತೋಳು ಹಿಡಿದವರು ಬರುತ್ತಿದ್ದರು.

ಅಜ್ಜಾರಿಗೆ ಒಬ್ಬನೇ ಶಿಷ್ಯ. ಹೆಸರು ಕಲ್ಮೇಶಿ. ವಯಸ್ಸು ಮೂವತ್ತರ ಆಸುಪಾಸು. ಆರು ವರ್ಷದಿಂದ ಜೊತೆಗಿದ್ದ.

ಅವನ ಕೈಗುಣ ದೊಡ್ಡದು. ಅವನ ಕೈ ಬೆನ್ನಿಗೆ ತಾಗಿದ ಸ್ವಲ್ಪ ಹೊತ್ತಿಗೇ ಚಾಪೆಯ ಮೇಲಿನವರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೇಳಲು ಕಲ್ಮೇಶಿಗೆ ಇಷ್ಟ.

ಯುಗಾದಿ ಕಳೆದ ನಾಲ್ಕನೇ ದಿನ ಆಚೆ ದಂಡೆಯ ಊರಿನಿಂದ ನಿಂಬೆವ್ವ ಎಂಬಾಕೆ ಬಂದಳು. ಐವತ್ತು ದಾಟಿದ ನೇಕಾರ ಹೆಣ್ಣುಮಗಳು. ಬಲ ಹೆಗಲು ಕಲ್ಲಿನಂತೆ ಬಿಗಿದಿತ್ತು. ತಲೆಯ ಮೇಲಿನ ಸೆರಗನ್ನು ಎಡಗೈಯಿಂದಲೇ ಸರಿಮಾಡಿಕೊಳ್ಳುತ್ತಿದ್ದಳು.

ಅಜ್ಜಾರು ಎಂದಿನ ಪ್ರಶ್ನೆ ಕೇಳಿದರು.

"ಮಗ್ಗದ ಮ್ಯಾಲ ಒಂದು ಸೀರಿ ಐತ್ರಿ," ಎಂದಳು. "ಮೂರು ಮೊಳ ಉಳದೈತಿ. ಅದನ್ನ ಮುಗಸಬೇಕು."

ಅಷ್ಟೇನಾ ಎಂದು ಕಲ್ಮೇಶಿಗೆ ಅನಿಸಿತು. ಮೂರು ಮೊಳವೆಂದರೆ ಒಳ್ಳೆಯ ತೋಳಿಗೆ ಒಂದು ದಿನದ ಕೆಲಸ.

ಅಜ್ಜಾರು ಮತ್ತೂ ಕೇಳಿದರು. ಆಕೆ ಒಂದೊಂದಾಗಿ ಹೇಳಿದಳು.

ಗಂಡ ಹೆಂಡತಿ ಇಬ್ಬರಿಗೂ ಒಂದೇ ಮಗ್ಗ. ಮೂವತ್ತು ವರ್ಷದಿಂದ ಅವರ ಮನೆಯಲ್ಲಿ ಒಂದು ವಾಡಿಕೆ. ಪ್ರತಿ ಸೀರೆಯನ್ನು ಆತ ಸುರು ಮಾಡಬೇಕು, ಈಕೆ ಮುಗಿಸಬೇಕು. ಈ ಸೀರೆಯನ್ನೂ ಆತ ಸುರು ಮಾಡಿದ್ದ. ನೇಯುತ್ತ ನೇಯುತ್ತ ಹಾಸಿಗೆ ಹಿಡಿದ. ಮೂರು ತಿಂಗಳು ಆತನನ್ನು ಎತ್ತಿ, ಕೂರಿಸಿ, ಮಗ್ಗಲು ಬದಲಿಸಿದ್ದು ಈಕೆಯ ಬಲಗೈ. ಮಾಘದಲ್ಲಿ ಆತ ತೀರಿಕೊಂಡ. ಆ ಹೊತ್ತಿಗೆ ಹೆಗಲು ಬಿಗಿದುಕೊಂಡಿತ್ತು.

ಈಗ ಮಗ್ಗಕ್ಕೆ ಮೈದುನನ ಮಗ ಸಂಕಪ್ಪ ಕೂರಬೇಕು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಕಾರಹುಣ್ಣಿಮೆಯವರೆಗೆ ಕಾಯುತ್ತೇನೆ, ಆಮೇಲೆ ಇದ್ದಷ್ಟಕ್ಕೆ ಕತ್ತರಿಸಿ ತೆಗೆದು ಮಗ್ಗಕ್ಕೆ ಹೊಸ ನೂಲಿನ ಹಾಸು ಹಾಕುತ್ತೇನೆ ಎಂದಿದ್ದಾನೆ. ಬೇಕಾದರೆ ಕತ್ತರಿಸದೆ ಉಳಿದ ಮೂರು ಮೊಳವನ್ನು ತಾನೇ ನೇಯ್ದುಕೊಡುತ್ತೇನೆ ಎಂದೂ ಹೇಳಿದ್ದಾನೆ.

"ಅದಕ್ಕ ನೀ ಏನಂದಿ, ಯವ್ವಾ?"

"ಮುಗಸೋ ಪಾಳಿ ನಂದು ಅಂದ್ನಿ."

ಅಜ್ಜಾರು ಕಲ್ಮೇಶಿಯನ್ನು ಕರೆದು, ಈಕೆಯನ್ನು ನಿನಗೆ ಒಪ್ಪಿಸಿದ್ದೇನೆ ಎಂದರು. ಹೊಳೆಯ ಮೇಲ್ಗಡೆಯ ಮಠದಲ್ಲಿ ಅವರ ಹಿರಿಯ ಗುರುಬಂಧುವೊಬ್ಬರು ಕೊನೆಯ ದಿನಗಳನ್ನು ಎಣಿಸುತ್ತಿದ್ದರು. ಅಜ್ಜಾರು ಅವರ ಹತ್ತಿರ ಹೋಗಿ ಇರಬೇಕಾಗಿತ್ತು.

ಹೊರಡುವ ಮುಂಚೆ ಬೇವಿನ ಮರದ ಪಕ್ಕದ ಒಂದು ಮಾರು ಗೋಡೆಯನ್ನು ತೋರಿಸಿ, ಇದು ನಿಂಬೆವ್ವನ ಪಾಲು ಎಂದರು.

ಮೊದಲ ದಿನ ಕಲ್ಮೇಶಿ ಎಣ್ಣೆ ತಿಕ್ಕಿದ. ನಿಂಬೆವ್ವ ಎದ್ದು ಹೋಗಿ ಬಲಗೈಯಿಂದ ಗೋಡೆಗೆ ಮಣ್ಣು ಹಚ್ಚಿದಳು. ಕೈ ಸೊಂಟದ ಎತ್ತರಕ್ಕೆ ಹೋಗಿ ನಿಂತಿತು.

ಎರಡನೇ ದಿನ ಅದಕ್ಕಿಂತ ಎರಡು ಬೆರಳು ಮೇಲೆ ಹೋಯಿತು. ಮೂರನೇ ದಿನ ಅಲ್ಲೇ ನಿಂತಿತು.

ಆಕೆ ಅಳುತ್ತಿರಲಿಲ್ಲ. ಕಣ್ಣೀರು ಮಾತ್ರ ತಾನಾಗಿ ಇಳಿದು ಗಲ್ಲದ ಮೇಲಿನ ಕೆಮ್ಮಣ್ಣಿನಲ್ಲಿ ಗೆರೆ ಮೂಡಿಸುತ್ತಿತ್ತು.

ನಾಲ್ಕನೇ ದಿನ ಕಲ್ಮೇಶಿಗೆ ನೋಡಲಾಗಲಿಲ್ಲ. ಗೋಡೆಯ ಕೆಲಸವೆಂದರೆ ಎಣ್ಣೆಗೆ ಪ್ರತಿಯಾಗಿ ಆಶ್ರಮಕ್ಕೆ ಮಾಡುವ ಸೇವೆ ಎಂದು ಅವನು ಆರು ವರ್ಷದಿಂದ ತಿಳಿದುಕೊಂಡಿದ್ದ. ಗಂಡ ತೀರಿ ಮೂರು ತಿಂಗಳಾಗಿಲ್ಲ. ಇಂಥ ತೋಳಿನಿಂದ ಈಕೆ ಯಾಕೆ ಸೇವೆ ಮಾಡಬೇಕು?

"ಅಕ್ಕಾರ, ನೀವು ಮಲಕೋರಿ," ಎಂದ. "ನಿಮ್ಮ ಪಾಲಿನ ಸೇವಾ ನಾ ಮಾಡ್ತೀನಿ."

ನಿಂಬೆವ್ವನೂ ಅದನ್ನು ಸೇವೆ ಎಂದೇ ತಿಳಿದಿದ್ದಳು. ಬೇಡ ಎಂದು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಚಾಪೆಯ ಮೇಲೆ ತಲೆಯಿಟ್ಟಳು. ಮಾಘದಿಂದ ಈಚೆಗೆ ಆಕೆಗೆ ಹತ್ತಿದ ಮೊದಲ ನಿದ್ದೆ ಅದು.

ಎದ್ದಾಗ ಹೆಗಲು ಹತ್ತಿಯಂತಿತ್ತು.

"ನಿನ್ನ ಕೈಯಾಗ ದೇವರದಾನ, ತಮ್ಮಾ," ಎಂದಳು.

ಆ ಮಾತು ಕಲ್ಮೇಶಿಯ ಕಿವಿಯಲ್ಲಿ ದಿನವಿಡೀ ಇತ್ತು.

ಅಲ್ಲಿಂದ ಮುಂದೆ ದಿನವೂ ಹಾಗೆಯೇ ನಡೆಯಿತು. ಅವನು ತಿಕ್ಕುತ್ತಿದ್ದ, ಆಕೆ ಮಲಗುತ್ತಿದ್ದಳು. ಆಕೆ ಮಲಗಿದಾಗ ಅವನು ಆಕೆಯ ಪಾಲಿನ ಗೋಡೆ ಸಾರಿಸುತ್ತಿದ್ದ. ಸಾರಿಸಿದ ಜಾಗವನ್ನೇ ಎಷ್ಟು ಸಲ ಸಾರಿಸುವುದು ಎಂದು ದಿನಕ್ಕೆ ಒಂದೆರಡು ಬೆರಳು ಮೇಲೆ ಮೇಲೆ ಹೋದ.

ನಿಂಬೆವ್ವ ಹಗುರಾಗಿ ಹೊಳೆ ದಾಟಿ ಹೋಗುತ್ತಿದ್ದಳು. ಮರುದಿನ ಬೆಳಿಗ್ಗೆ ಹೆಗಲು ಮತ್ತೆ ಕಲ್ಲಾಗಿರುತ್ತಿತ್ತು.

ಇಪ್ಪತ್ತನೇ ದಿನದ ಹೊತ್ತಿಗೆ ಕಲ್ಮೇಶಿಗೆ ಹೆದರಿಕೆ ಸುರುವಾಯಿತು. ಎಣ್ಣೆ ಬದಲಿಸಿ ನೋಡಿದ. ಲಕ್ಕಿ ಸೊಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟ. ದಿನಕ್ಕೆ ಎರಡು ಸಲ ತಿಕ್ಕಿದ. ತೋಳು ಸೊಂಟದಿಂದ ಮೇಲೆ ಏಳಲಿಲ್ಲ.

ಮನೆಯಲ್ಲಿ ಏನಾದರೂ ಕೈ ಆಡಿಸುತ್ತೀರಾ ಎಂದು ಒಂದು ದಿನ ಆಕೆಯನ್ನು ಕೇಳಿದ. ನಿನ್ನ ಕೈಯಿಂದ ಆಗದ್ದು ನನ್ನ ಕೈಯಿಂದ ಏನಾಗುತ್ತದೆ ಎಂದು ಆಕೆ ನಕ್ಕಳು. ಕಲ್ಮೇಶಿಗೆ ಹಿತವೂ ಆಯಿತು, ಹೆದರಿಕೆಯೂ ಹೆಚ್ಚಿತು.

ಒಂದು ತಿಂಗಳಿಗೆ ಅಜ್ಜಾರು ಮರಳಿದರು. ಗುರುಬಂಧುವನ್ನು ಮಣ್ಣು ಮಾಡಿ ಬಂದಿದ್ದರು. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಒಳಗೆ ಕಾಲಿಟ್ಟರು.

ಬೇವಿನ ಪಕ್ಕದ ಗೋಡೆ ಆಳೆತ್ತರ ಕೆಂಪಾಗಿತ್ತು. ಅಜ್ಜಾರ ಮುಖ ಅರಳಿತು. ನಿಂಬೆವ್ವನನ್ನು ಕರೆದರು.

"ಕೈ ಎತ್ತು, ಯವ್ವಾ."

ಆಕೆ ಎತ್ತಿದಳು. ಸೊಂಟ, ಅದರ ಮೇಲೆ ಎರಡು ಬೆರಳು. ಅಲ್ಲಿಗೆ ನಿಂತಿತು.

ಅಜ್ಜಾರು ಆಕೆಯ ಕೈ ನೋಡಿದರು, ಗೋಡೆ ನೋಡಿದರು. ಮಣ್ಣಿನಲ್ಲಿ ಮೂಡಿದ ಮೇಲಿನ ಕೈಗುರುತಿನ ಹತ್ತಿರ ಹೋಗಿ ಅಂಗೈಯಿಟ್ಟು ಅಳೆದರು. ಗುರುತಿನಲ್ಲಿದ್ದದ್ದು ಅಗಲವಾದ ಅಂಗೈ, ದಪ್ಪ ಬೆರಳು.

"ಕಲ್ಮೇಶಿ," ಎಂದರು, "ಗೋಡಿ ಆರಾಮಾಗೈತಿ. ಇನ್ನ ಇದಕ್ಕ ಎಣ್ಣಿ ಬ್ಯಾಡ."

ಕಲ್ಮೇಶಿ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

"ಸೇವಾ ಅಂತ ತಿಳಕೊಂಡಿದ್ನಿ, ಅಜ್ಜಾರ."

"ಯಾರ ಸೇವಾ?"

"ಆಶ್ರಮದ್ದು."

"ಆರು ಮಳಿಗಾಲ ನೋಡಿದಿ. ಆರು ಸಲ ಈ ಮಣ್ಣು ತೊಳದು ಹೋತು. ನನಗ ಗೋಡಿನ ಬೇಕಾಗಿದ್ರ ಒಮ್ಮೆ ಗಾರೆ ಹಚ್ಚಿಸಿ ಸುಮ್ಮನ ಕುಂದರ್ತಿದ್ದಿಲ್ಲೇನು?"

ಮಣ್ಣು ತುಳಿದ ಕಾಲುಗಳು, ಬುಟ್ಟಿ ತುಂಬಿದ ಸೊಂಟಗಳು, ಆರು ವರ್ಷದ್ದೆಲ್ಲ ಒಮ್ಮೆಲೇ ಕಲ್ಮೇಶಿಯ ಕಣ್ಣ ಮುಂದೆ ಬಂದವು.

ನಿಂಬೆವ್ವನಿಗೂ ಅರ್ಥವಾಯಿತು. ಆಕೆ ಬೆರಳು ಮಡಿಚಿ ಎಣಿಸಿದಳು. ಕಾರಹುಣ್ಣಿಮೆಗೆ ಉಳಿದದ್ದು ಐದು ವಾರ.

"ಒಂದು ತಿಂಗಳು ನಿದ್ದಿ ಮಾಡಿದ್ನಿ," ಎಂದಳು.

ಎಡಗೈಯಿಂದ ಸೆರಗು ಎಳೆದುಕೊಂಡು ಬಾಗಿಲ ಕಡೆ ನಡೆದಳು. ಸಂಕಪ್ಪನಿಗೆ ಇವತ್ತೇ ಕತ್ತರಿಸಲು ಹೇಳುತ್ತೇನೆ, ಸುಮ್ಮನೆ ಅವನನ್ನು ಯಾಕೆ ಕಾಯಿಸಲಿ ಎಂದಳು.

ಕಲ್ಮೇಶಿ ಅಡ್ಡ ಬಂದು ಕೈಮುಗಿದ. ತಪ್ಪೆಲ್ಲ ತನ್ನದು ಎಂದ.

"ಎಲ್ಲಾ ನಿಂದ ಹೆಂಗ ಆಗ್ತೈತಿ, ತಮ್ಮಾ? ಮಲಕೋ ಅಂದಾವ ನೀನು. ಮಲಗಿದಾಕಿ ನಾನು."

ಅಜ್ಜಾರು ಒಂದು ಕೊಡ ನೀರು ತಂದರು. ತೆಂಗಿನ ಜುಂಗು ಹಿಡಿದು ಗೋಡೆಯನ್ನು ಮೇಲಿನಿಂದ ತೊಳೆಯತೊಡಗಿದರು.

ಕೆಂಪು ನೀರು ಗೋಡೆಗುಂಟ ಹರಿದು ಅವರ ಪಾದಕ್ಕೆ ಬಂತು. ಕಲ್ಮೇಶಿ ಜುಂಗು ಇಸಿದುಕೊಳ್ಳಲು ಹೋದ. ಅಜ್ಜಾರು ಕೊಡಲಿಲ್ಲ. ಇನ್ನೊಂದು ಕೊಡ ತಂದರು, ಮತ್ತೊಂದು ತಂದರು. ಮುದುಕರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಬಾಗಿಲಿನಲ್ಲಿದ್ದ ನಿಂಬೆವ್ವ ಹೋಗಲಾರದೆ ನಿಂತಳು.

ಸೊಂಟದ ಎತ್ತರಕ್ಕೆ ಬಂದಾಗ ಅಜ್ಜಾರು ಕೈ ನಿಲ್ಲಿಸಿದರು. ಅಲ್ಲಿ ಒಂದರ ಪಕ್ಕ ಒಂದು ಮೂರು ಗುರುತು ಉಳಿದಿದ್ದವು. ಚಿಕ್ಕ ಅಂಗೈ, ಓರೆಯಾದ ಬೆರಳು.

"ಇವು ಯಾರವು?"

ನಿಂಬೆವ್ವ ಹತ್ತಿರ ಬಂದು ಬಗ್ಗಿ ನೋಡಿದಳು.

"ನನ್ನವು, ಅಜ್ಜಾರ."

"ಮೂರು ಅದಾವ. ನಾಕನೇದು ಎಲ್ಲಿ?"

ಆಕೆ ಕುಳಿತು, ಬುಟ್ಟಿಯಿಂದ ಒಂದು ಹಿಡಿ ಮಣ್ಣು ಬಲಗೈಗೆ ತೆಗೆದುಕೊಂಡಳು.

ಅಂದು ಮಧ್ಯಾಹ್ನ ಅಜ್ಜಾರು ಕಲ್ಮೇಶಿಯನ್ನು ಎದುರಿಗೆ ಕೂರಿಸಿಕೊಂಡರು.

"ನೀ ತಿಕ್ಕಿದ ಮ್ಯಾಲ ಆ ತೋಳು ಎಷ್ಟು ಹೊತ್ತು ಮೆತ್ತಗಿರ್ತೈತಿ?"

"ಒಂದು ತಾಸು, ಅಜ್ಜಾರ."

"ಆ ತಾಸು ಯಾರದು?"

ಅಜ್ಜಾರೇ ಮುಂದುವರಿಸಿದರು.

"ದಿನಾ ಒಂದು ತಾಸು ಆಕಿ ಕೈಯಾಗ ಕೊಟ್ಟಿ. ಮಲಕೋ ಅಂತ ಹೇಳಿ ದಿನಾ ಅದನ್ನ ಹೊಳ್ಳಿ ಇಸಗೊಂಡಿ."

ಮರುದಿನದಿಂದ ಕ್ರಮ ಬದಲಾಯಿತು. ಕಲ್ಮೇಶಿ ತಿಕ್ಕಿ ಮುಗಿಸಿದ ಕೂಡಲೇ ನಿಂಬೆವ್ವ ಎದ್ದು ಗೋಡೆಗೆ ಹೋಗಬೇಕು. ನೋವು ಸುರುವಾಗುವವರೆಗೆ ಕೈ ಏರಿಸಬೇಕು. ಅದರ ಮೇಲೆ ಒಂದೇ ಬೆರಳು, ಹೆಚ್ಚಿಗೆ ಇಲ್ಲ. ಕಲ್ಮೇಶಿ ಮಣ್ಣು ಕಲಸಿಟ್ಟು ನಾಲ್ಕು ಮಾರು ದೂರ ಕೂರಬೇಕು. ಮೊಣಕೈ ಹಿಡಿದು ಎತ್ತಬಾರದು. ಎಷ್ಟು ಏರಿತು ಎಂದು ಹೇಳಲೂಬಾರದು. ಆಕೆಗೆ ಕಣ್ಣಿದೆ ಎಂದರು ಅಜ್ಜಾರು.

ದೂರ ಕೂರುವುದೇ ಕಲ್ಮೇಶಿಗೆ ಕಷ್ಟವಾಯಿತು. ಆಕೆ ಹಲ್ಲು ಕಚ್ಚಿದಾಗೆಲ್ಲ ಇವನು ಅರ್ಧ ಏಳುತ್ತಿದ್ದ.

"ಏನು ತಮ್ಮಾ," ಎಂದಳು ನಿಂಬೆವ್ವ ಒಮ್ಮೆ, ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ನೋವು ನನಗೋ ನಿನಗೋ?"

ಅಜ್ಜಾರು ಒಳಗೆ ನಗುವುದು ಕೇಳಿಸಿತು.

ಗುರುತುಗಳು ಒಂದೊಂದಾಗಿ ಏರಿದವು. ಹೊಟ್ಟೆಯ ಎತ್ತರಕ್ಕೆ ಬಂದವು, ಎದೆಯ ಕೆಳಗೆ ಬಂದವು.

ಹನ್ನೆರಡನೇ ದಿನ ಕೈ ಹಿಂದಿನ ದಿನಕ್ಕಿಂತ ಮೂರು ಬೆರಳು ಕೆಳಗೇ ನಿಂತಿತು. ಆ ದಿನ ಆಕೆಯ ಗಂಡನ ಜೋಳಿಗೆಯಲ್ಲಿ ಅರ್ಧ ಉಳಿದ ಎಲೆಯಡಿಕೆ ಸಿಕ್ಕಿತ್ತಂತೆ. ಅದನ್ನು ಯಾರಿಗೋ ಹೇಳಿದಂತೆ ಹೇಳಿದಳು.

ಹಿಂದಿನ ದಿನದ ಗುರುತಿನ ಸಾಲಿಗೆ ಬರಲೆಂದು ಎಡಗೈಯಿಂದ ಮಣ್ಣು ಹಚ್ಚಲು ಹೋದಳು. ಅಜ್ಜಾರು ಬೇಡ ಎಂದರು. ಎಲ್ಲಿ ನಿಂತಿತೋ ಅಲ್ಲೇ ಇರಲಿ ಎಂದರು.

ಆಕೆ ಹೋದ ಮೇಲೆ ಕಲ್ಮೇಶಿ ಗೋಡೆಯ ಮುಂದೆ ನಿಂತುಕೊಂಡ.

"ಇವತ್ತು ಇಳದೈತಿ, ಅಜ್ಜಾರ."

"ಆದ್ರೂ ಆಕಿ ಬಂದಿದ್ಲಲ್ಲ," ಎಂದರು ಅಜ್ಜಾರು.

ನಿಂಬೆವ್ವ ಮನೆಯಲ್ಲೂ ಸುರು ಮಾಡಿದ್ದಳು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಮತ್ತು ಸಂಜೆ ಮಗ್ಗದ ಕೆಳಗೆ ತೋಡಿದ ಕುಣಿಗೆ ಇಳಿದು ಕೂರುತ್ತಾಳೆ. ಲಾಳಿ ಓಡಿಸಲು ಜಗ್ಗುವ ಹಗ್ಗ ಹೆಗಲ ಎತ್ತರಕ್ಕೆ ತೂಗುತ್ತಿರುತ್ತದೆ. ಬಲಗೈಯನ್ನು ಆ ಹಗ್ಗದ ಕಡೆ ಏರಿಸುತ್ತಾಳೆ. ಜಗ್ಗುವುದಿಲ್ಲ. ಬರೀ ಏರಿಸುವುದು, ಇಳಿಸುವುದು. ಸಂಕಪ್ಪನ ಮಕ್ಕಳು ಅಜ್ಜಿ ಹಗ್ಗಕ್ಕೆ ಕೈ ಮಾಡಿ ಕರೆಯುತ್ತಾಳೆ ಎಂದು ನಗುತ್ತವಂತೆ.

ಒಂದು ದಿನ ತಿಕ್ಕುವಾಗ ಕಲ್ಮೇಶಿಗೆ ಆಕೆಯ ಬಲಗೈಯ ತೋರುಬೆರಳಿನ ಮೇಲೆ ಕೆಂಪಗಿನ ಬರೆ ಕಾಣಿಸಿತು. ಹಗ್ಗ ಒತ್ತಿದ ಗುರುತು. ಅವನು ತಲೆಯೆತ್ತಿ ಆಕೆಯ ಮುಖ ನೋಡಿದ.

"ಎರಡ ಎಳಿ," ಎಂದಳು ನಿಂಬೆವ್ವ.

ಎರಡು ಸಲ ಲಾಳಿ ಓಡಿತ್ತು. ಎರಡು ಎಳೆಯೆಂದರೆ ಉಗುರಿನ ಅಂಚಿನಷ್ಟೂ ಅಗಲವಿಲ್ಲ.

ಮರುದಿನ ಹನ್ನೊಂದು ಎಳೆ. ಅದರ ಮರುದಿನ ಒಂದೂ ಇಲ್ಲ. ಆಮೇಲೆ ಮೂವತ್ತು. ಆಕೆ ಮೊಳದ ಮಾತು ಬಿಟ್ಟು ಎಳೆಯ ಮಾತಿಗೆ ಬಂದಿದ್ದಳು. ಬರಬರುತ್ತ ಎಳೆಗಳು ನೂರಾದವು, ನೂರುಗಳು ಗೇಣಾದವು.

ಒಂದು ಸಂಜೆ ಕಲ್ಮೇಶಿ ಎಣ್ಣೆಯ ಬಟ್ಟಲುಗಳನ್ನು ತಿಕ್ಕಿ ತೊಳೆಯುತ್ತ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟ. ಎಲ್ಲವನ್ನೂ ಆಕೆಯೇ ಮಾಡಿಕೊಳ್ಳುವುದಾದರೆ ನನ್ನ ಕೈ ಯಾತಕ್ಕೆ ಎಂದ.

"ಆ ತಾಸು ಎಲ್ಲಿಂದ ಬಂತು?" ಎಂದು ಕೇಳಿದರು ಅಜ್ಜಾರು. ಮತ್ತೆ ಬಟ್ಟಲೊಂದನ್ನು ತೋರಿಸಿ, ಇದರಲ್ಲಿ ಇನ್ನೂ ಜಿಡ್ಡು ಉಳಿದಿದೆ ಎಂದರು.

ಕಾರಹುಣ್ಣಿಮೆ ಬಂತು. ದಂಡೆಯಲ್ಲಿ ರೈತರು ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದರು.

ನಿಂಬೆವ್ವ ಬರಲಿಲ್ಲ.

ಕಲ್ಮೇಶಿ ಎಣ್ಣೆ ಬೆಚ್ಚಗೆ ಮಾಡಿ ಇಟ್ಟುಕೊಂಡು ಕುಳಿತ. ಆರಿತು. ಮತ್ತೆ ಬೆಚ್ಚಗೆ ಮಾಡಿದ. ಬಿಸಿಲು ನೆತ್ತಿಗೆ ಬಂತು. ಹಿಂದಿನ ದಿನ ಆಕೆ ಹೇಳಿದ ಲೆಕ್ಕದಲ್ಲಿ ಇನ್ನೂ ಒಂದೂವರೆ ಗೇಣು ಉಳಿದಿತ್ತು. ಅಷ್ಟನ್ನು ಆಕೆ ಒಂದೇ ದಿನದಲ್ಲಿ ಎಂದೂ ನೇಯ್ದಿರಲಿಲ್ಲ.

ಹೋಗಿ ನೋಡಿ ಬರಲೇ ಎಂದು ಕೇಳಿದ. ಅಜ್ಜಾರು ಹೂಂ ಎಂದರು. ಕಲ್ಮೇಶಿ ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಹೊಳೆ ದಾಟಿದ.

ಓಣಿಗೆ ಬರುವ ಮುಂಚೆಯೇ ಮಗ್ಗದ ಸಪ್ಪಳ ಕೇಳಿತು. ಒಂದು ಏಟು, ತಡ. ಮತ್ತೊಂದು ಏಟು, ಮತ್ತೆ ತಡ.

ಮನೆಯ ಮುಂದಿನ ಕಟ್ಟೆಯ ಮೇಲೆ ಸಂಕಪ್ಪ ಕುಳಿತಿದ್ದ. ಒಳಗೆ ಯಾರೂ ಬರಬಾರದು ಎಂದು ದೊಡ್ಡವ್ವ ಹೇಳಿದ್ದಾಳೆ ಎಂದ. ಬೆಳಿಗ್ಗೆ ಕುಣಿಗೆ ಇಳಿದವಳು ರೊಟ್ಟಿಗೂ ಎದ್ದಿಲ್ಲ ಎಂದ.

ಎಷ್ಟು ಉಳಿದಿದೆ ಎಂದು ಕಲ್ಮೇಶಿ ಕೇಳಿದ. ಒಂದು ಗೇಣು ಇರಬಹುದು ಎಂದ ಸಂಕಪ್ಪ.

"ಇನ್ನೆರಡು ದಿನ ತಡಕೋರಿ," ಎಂದು ಕಲ್ಮೇಶಿ ಅಂಗಲಾಚಿದ. "ಒಂದು ಗೇಣಿನ ಸಲುವಾಗಿ ಕತ್ತರಸಬ್ಯಾಡ್ರಿ."

ಸಂಕಪ್ಪ ಅವನನ್ನು ಅಚ್ಚರಿಯಿಂದ ನೋಡಿದ.

"ನಾ ಎಲ್ಲಿ ಕತ್ತರಸ್ತೀನಂದ್ನಿ? ಇನ್ನ ಹದಿನೈದು ದಿನ ತಗೋ ಅಂತ ಹ್ವಾದ ವಾರನ ಹೇಳೀನಿ. ಆಕಿನ ಒಲ್ಲೆ ಅಂತಾಳ. ಕಾರಹುಣ್ಣಿವಿ ಅಂದೀನಿ, ಕಾರಹುಣ್ಣಿವಿಗೇ ಮುಗಸ್ತೀನಿ ಅಂತಾಳ."

ಆಗ ಒಳಗಿನ ಸಪ್ಪಳ ನಿಂತಿತು.

ಇಬ್ಬರೂ ಕಿವಿಗೊಟ್ಟರು. ಮುಂದಿನ ಏಟು ಬರಲಿಲ್ಲ. ಹಲ್ಲಿನ ಸಂದಿಯಿಂದ ಉಸಿರೆಳೆದ ಸದ್ದೊಂದು ಬಂತು.

ಕಲ್ಮೇಶಿ ಎದ್ದ. ಹೊಸ್ತಿಲವರೆಗೆ ಹೋದ.

ನಿಂಬೆವ್ವ ಬಾಗಿಲಿಗೆ ಬೆನ್ನು ಮಾಡಿ ಕುಣಿಯಲ್ಲಿ ಕುಳಿತಿದ್ದಳು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ನರ ಎಲ್ಲಿ ಗಂಟು ಕಟ್ಟಿದೆ ಎಂದು ಕಲ್ಮೇಶಿಗೆ ಅಲ್ಲಿಂದಲೇ ಗೊತ್ತಾಯಿತು. ಹೆಗಲ ಮೂಳೆಯ ಒಳ ಅಂಚಿಗೆ, ಹೆಬ್ಬೆರಳು ಇಡುವಷ್ಟು ಜಾಗ. ಅವನ ಬೆರಳುಗಳು ತಾವಾಗಿಯೇ ಮಡಿಚಿಕೊಂಡವು. ಒಂದು ಮಾತು ಕರೆದರೆ ಆಕೆ ತಿರುಗುತ್ತಿದ್ದಳು.

ನಿಂಬೆವ್ವ ಎಡಗೈ ಚಾಚಿ ಬಲಗೈಯ ಮಣಿಕಟ್ಟು ಹಿಡಿದಳು. ಎತ್ತಿ ಹಗ್ಗಕ್ಕೆ ಇಡುವವಳಿದ್ದಳು.

ಹಿಡಿದವಳು ಬಿಟ್ಟಳು.

ಬಲಗೈ ತೊಡೆಯಿಂದ ತಾನೇ ಎದ್ದಿತು. ಹೊಟ್ಟೆಯ ಎತ್ತರದಲ್ಲಿ ಒಮ್ಮೆ ನಿಂತಿತು. ಎದೆಯ ಹತ್ತಿರ ಇನ್ನೊಮ್ಮೆ ನಿಂತಿತು. ಮತ್ತೆ ಏರಿತು. ಬೆರಳು ಹಗ್ಗವನ್ನು ಸುತ್ತಿದವು.

ಲಾಳಿ ಓಡಿತು. ಏಟು ಬಿತ್ತು.

ಕಲ್ಮೇಶಿ ಸಪ್ಪಳವಾಗದಂತೆ ಹಿಂದೆ ಸರಿದ. ಕಟ್ಟೆಯ ಮೇಲೆ ಬಂದು ಕುಳಿತ. ಬಟ್ಟಲನ್ನು ಪಕ್ಕಕ್ಕಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಒಳಗೆ ಹೋಗುವುದಿಲ್ಲವೇ ಎಂದು ಸಂಕಪ್ಪ ಕೇಳಿದ. ಇಲ್ಲ ಎಂದ.

ಎದುರು ಮನೆಯ ನೆರಳು ಓಣಿಯ ಅರ್ಧಕ್ಕೆ ಬಂತು. ಸಪ್ಪಳ ನಾಲ್ಕು ಸಲ ನಿಂತಿತು. ನಾಲ್ಕು ಸಲವೂ ಕಲ್ಮೇಶಿ ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾಲ್ಕು ಸಲವೂ ಸಪ್ಪಳ ಮತ್ತೆ ಸುರುವಾಯಿತು.

ಐದನೇ ಸಲ ನಿಂತಾಗ ಒಳಗಿನಿಂದ ಮಾತು ಬಂತು.

"ಸಂಕಪ್ಪಾ, ಈಗ ಕತ್ತರಿ ತಗೊಂಡು ಬಾ."

ಸ್ವಲ್ಪ ಹೊತ್ತಿಗೆ ನಿಂಬೆವ್ವ ಹೊರಗೆ ಬಂದಳು. ಸೀರೆ ಎರಡೂ ತೋಳಿನ ಮೇಲಿತ್ತು. ಕಟ್ಟೆಯ ಮೇಲೆ ಹಾಸಿ ಒಂದು ಜಾಗಕ್ಕೆ ಬೆರಳಿಟ್ಟಳು.

"ಇಲ್ಲಿತನಕ ಅವರು," ಎಂದಳು. "ಇಲ್ಲಿಂದ ನಾನು."

ನೇಯ್ಗೆ ತಿಳಿಯದ ಕಲ್ಮೇಶಿಗೂ ಅದು ಕಾಣಿಸಿತು. ಬೆರಳಿನ ಆಚೆಗೆ ಬಟ್ಟೆ ಒತ್ತಾಗಿ ಸಮನಾಗಿತ್ತು. ಈಚೆಗೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ, ಅಂಚು ಅಲ್ಲಲ್ಲಿ ಓರೆ. ತುದಿಯ ಹತ್ತಿರ ಹೋದಂತೆ ಮತ್ತೆ ಸಮನಾಗುತ್ತ ಬಂದಿತ್ತು.

ಒಂದು ನೀರು ಹಾಕಿದರೆ ಎಲ್ಲ ಕೂಡಿಕೊಳ್ಳುತ್ತದೆ, ಗೊತ್ತೇ ಆಗುವುದಿಲ್ಲ ಎಂದ ಸಂಕಪ್ಪ.

"ಯಾಕ? ಗೊತ್ತಾಗಲಿ," ಎಂದಳು ನಿಂಬೆವ್ವ.

ಆಮೇಲೆ ಆಕೆಗೆ ಬಟ್ಟಲು ಕಾಣಿಸಿತು. ಎಣ್ಣೆ ತಂದವನು ಒಳಗೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಕಲ್ಮೇಶಿ ಬಟ್ಟಲನ್ನು ಕೈಗೆತ್ತಿಕೊಂಡ. ಆಕೆ ಅವನ ಮುಖವನ್ನೇ ನೋಡಿದಳು, ಮತ್ತೆ ಕೇಳಲಿಲ್ಲ. ನಾಳೆ ಬರುತ್ತೇನೆ, ನನ್ನ ಪಾಲಿನ ಗೋಡೆ ಇನ್ನೂ ಮೇಲಿನ ಅರ್ಧ ಉಳಿದಿದೆ ಎಂದಳು.

ಕಲ್ಮೇಶಿ ಮರಳಿದಾಗ ಅಜ್ಜಾರು ಬೇವಿನ ಕೆಳಗೆ ಕುಳಿತಿದ್ದರು. ಸೀರೆ ಮುಗಿಯಿತು ಎಂದು ಹೇಳಿದ. ಅಜ್ಜಾರು ಕಣ್ಣು ಮುಚ್ಚಿ ತಲೆಯಾಡಿಸಿದರು. ಕಲ್ಮೇಶಿ ಮಾತ್ರ ಅಲ್ಲಿಂದ ಏಳಲಿಲ್ಲ.

"ಬಾಗಲದಾಗ ನಿಂತು ಆಕಿ ನೋವು ನೋಡಿದ್ನಿ, ಅಜ್ಜಾರ. ಒಳಗ ಹೋಗಲಿಲ್ಲ. ಒಂದು ಹನಿ ಎಣ್ಣಿ ಹಚ್ಚಲಿಲ್ಲ. ಮುಗಿಯೋತನಕ ಹೊರಗ ಕೈ ಕಟಗೊಂಡು ಕುಂತಿದ್ನಿ."

ಅಜ್ಜಾರು ಅವನ ಎರಡೂ ಕೈಗಳನ್ನು ತಮ್ಮ ಕೈಗೆ ತೆಗೆದುಕೊಂಡರು. ಅಂಗೈಯಲ್ಲಿ ಕಟ್ಟೆಯ ಕಲ್ಲು ಒತ್ತಿದ ಗುರುತು ಇನ್ನೂ ಇತ್ತು.

"ಆರು ವರ್ಷದಾಗ," ಎಂದರು, "ಇವತ್ತು ಚಲೋ ತಿಕ್ಕಿದಿ."